ಗುಂಡಿಯ ಮಣ್ಣು ಗೋಡೆಯಾಯಿತು

ಮೂರು ಮಳೆಗಾಲ ಕಳೆದವು, ಗೋಡೆ ಅಲ್ಲಾಡಿಲ್ಲ. ಇನ್ನು ಧೈರ್ಯವಾಗಿ ಬರೆಯಬಹುದು.

ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿನ ಮಗ್ಗುಲಲ್ಲೇ ನಮ್ಮ ಜಮೀನು. ಶಾಲೆ ಮಕ್ಕಳು ಬಂದು ಕೂತು ಹಕ್ಕಿ, ಹುಳ, ಹುಲ್ಲು ನೋಡಿ ಕಲಿಯಲು ಅಲ್ಲಿ ಒಂದು ಕಟ್ಟಡ ಬೇಕಿತ್ತು. ಒಂದು ಹಾಲ್, ಒಂದು ಸಣ್ಣ ಕೋಣೆ, ಹುಲ್ಲುಗಾವಲಿಗೆ ಮುಖ ಮಾಡಿದ ಒಂದು ವೀಕ್ಷಣಾ ಜಗಲಿ, ಎಲ್ಲ ಸೇರಿ 1,100 ಚದರಡಿ ಇರಬಹುದು. ಒತ್ತಿದ ಮಣ್ಣಿನ ಬ್ಲಾಕಿನಲ್ಲಿ (ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಅಚ್ಚಿನಲ್ಲಿ ಒತ್ತಿದ್ದು, ಸುಡುವಂತಿಲ್ಲ) ಕಟ್ಟುತ್ತೇನೆ ಅಂದಾಗ ಮೊದಲು ಬೇಡ ಅಂದವರು ನಮ್ಮ ಮೇಸ್ತ್ರಿ. "ಒಂದು ಜೋರು ಮಳೆ ಸಾಕು ಸಾರ್, ಅಚ್ಚು ಬೆಲ್ಲ ಕರಗಿದಂಗೆ ಕರಗೋಗುತ್ತೆ. ಆಮೇಲೆ ನನ್ನ ಹೆಸರು ಕೆಡುತ್ತೆ." ಕಾಂಟ್ರಾಕ್ಟರೊಬ್ಬರು ಸಿಮೆಂಟ್ ಬ್ಲಾಕಿನ ಲೆಕ್ಕ ಹಾಕಿ ಚದರಡಿಗೆ 2,400 ಹೇಳಿಹೋದರು. ಮಣ್ಣಿಗೆ ಗ್ಯಾರಂಟಿ ಕೊಡೋಲ್ಲ ಅಂದರು.

ಆದರೆ ಅರ್ಧ ಶತಮಾನದಿಂದ ಬೆಂಗಳೂರಲ್ಲೇ ಇರುವ ವಿದ್ಯೆ ಇದು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒಯ್ಯಲು 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಮಣ್ಣಿನ ಬ್ಲಾಕಿನ ಮೇಲೆ ಎಷ್ಟೊಂದು ಕೆಲಸ ಮಾಡಿಟ್ಟಿದ್ದಾರೆ. ಕೈಯಿಂದ ಲಿವರ್ ಎಳೆದು ಬ್ಲಾಕ್ ಒತ್ತುವ ಮರ್ದಿನಿ ಯಂತ್ರ ಬಂದದ್ದೂ ಅಲ್ಲಿಂದಲೇ. ಸೆಕೆಂಡ್ ಹ್ಯಾಂಡ್ ಮರ್ದಿನಿ ಒಂದನ್ನು ಹುಡುಕಿ ತಂದೆ.

ಮೊದಲ ಸೋಲಿನ ವಿಷಯ ವಿವರವಾಗಿ ಹೇಳಬೇಕು, ಏಕೆಂದರೆ ತುಂಬಾ ಜನ ಇಲ್ಲೇ ಕೈಬಿಡುತ್ತಾರೆ. ಕೆರೆ ಗೋಡು ಚೆನ್ನಾಗಿ ಅಂಟುತ್ತೆ, ಹಳಬರೆಲ್ಲ ಇಟ್ಟಿಗೆಗೆ ಅದನ್ನೇ ಹಾಕುತ್ತಿದ್ದರು ಅಂತ ಒಬ್ಬರು ಹೇಳಿದರು. ಕೇಳಿಕೊಂಡು ಎರಡು ಟ್ರ್ಯಾಕ್ಟರ್ ಲೋಡು ತರಿಸಿದೆ. ಎಂಟುನೂರು ಬ್ಲಾಕ್ ಒತ್ತಿದೆವು. ಅಚ್ಚಿನಿಂದ ಬಂದಾಗ ಮೈಸೂರು ಪಾಕಿನ ಹಾಗೆ ನುಣ್ಣಗಿದ್ದವು. ನಾಲ್ಕನೇ ದಿನ ಮೇಲೆ ಮುಚ್ಚಿದ್ದ ಹುಲ್ಲು ಸರಿಸಿ ನೋಡಿದರೆ ಒಂದೊಂದರ ಮೇಲೂ ಕೂದಲೆಳೆಯಂಥ ಬಿರುಕು. ವಾರಕ್ಕೆ ಉಗುರು ಹೋಗುವಷ್ಟಾಯಿತು. ಸುಡುವ ಇಟ್ಟಿಗೆಗೆ ಜಿಗುಟು ಬೇಕು, ಸಿಮೆಂಟ್ ಹಾಕಿ ಒತ್ತುವ ಬ್ಲಾಕಿಗೆ ಅದೇ ಜಿಗುಟು ವೈರಿ. ಒಣಗುವಾಗ ಕುಗ್ಗುತ್ತದೆ, ಬ್ಲಾಕನ್ನೇ ಎಳೆದು ಸೀಳುತ್ತದೆ. ಲೋಡು, ಕೂಲಿ, ಸಿಮೆಂಟು ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ಕಾಲಡಿಯಲ್ಲೇ ಇತ್ತು. ಮಳೆನೀರಿನ ತೊಟ್ಟಿಗೆ ಅಂತ 12 ಅಡಿ ಉದ್ದ, 10 ಅಡಿ ಅಗಲದ ಗುಂಡಿ ತೆಗೆಸುತ್ತಿದ್ದೆವು, ಆಳ ಆರಡಿ. ಮೇಲಿನ ಒಂದಡಿ ಬೇರುಮಣ್ಣನ್ನು ಗಿಡಗಳಿಗೆ ಹಾಕಿಸಿ, ಕೆಳಗಿನ ಕೆಂಪು ಮಣ್ಣು ಎತ್ತಿಟ್ಟೆ. ಬಾಟಲಿಯಲ್ಲಿ ನೀರಿನ ಜೊತೆ ಕಲಕಿ ಇಟ್ಟು ನೋಡಿದರೆ ಜಿಗುಟು ಇನ್ನೂ ಸ್ವಲ್ಪ ಜಾಸ್ತಿ, ಆದರೆ ಕ್ವಾರಿ ಡಸ್ಟ್ (ಕಲ್ಲು ಒಡೆದಾಗ ಉಳಿಯುವ ಪುಡಿ) ಬೆರೆಸಿದರೆ ಸರಿಹೋಗುವಂಥದ್ದು. ಮೂರು ಪಾಲು ಮಣ್ಣಿಗೆ ಒಂದು ಪಾಲಿಗಿಂತ ತುಸು ಹೆಚ್ಚು ಡಸ್ಟ್ ಬಿತ್ತು, ಸಿಮೆಂಟ್ ನೂರಕ್ಕೆ ಏಳು. ಒಂದು ಮೂಟೆಗೆ ತೊಂಬತ್ತು ಬ್ಲಾಕ್ ಬಂತು. ಕೈಯಂದಾಜು ಬಿಡಿಸಿ ತಕ್ಕಡಿ ಇಟ್ಟೆ: ಪ್ರತಿ ಅಚ್ಚಿಗೂ ಎಂಟೂಮುಕ್ಕಾಲು ಕೆಜಿ ಹಸಿ ಮಿಶ್ರಣ, ನೂರು ಗ್ರಾಂ ಅತ್ತಿತ್ತ ಆಗಬಾರದು. ಆಳುಗಳು ಎರಡು ದಿನ ಗೊಣಗಿದರು. ಮೂರನೇ ದಿನ ಅವರೇ ತಕ್ಕಡಿ ಕೇಳಿದರು, ಲಿವರ್ ಒಂದೇ ಹದಕ್ಕೆ ಇಳಿಯುತ್ತಿತ್ತು. ಆರು ಜನ ದಿನಕ್ಕೆ ಐನೂರು ಒತ್ತಿದರು. ಹುಲ್ಲು ಮುಚ್ಚಿ ಮೂರು ವಾರ ನೀರು ಹೊಡೆದದ್ದು ನಾನೇ, ಅದನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ.

ಒಟ್ಟು ಐದೂವರೆ ಸಾವಿರ ಬ್ಲಾಕ್. ಒಂದಕ್ಕೆ 17 ರೂಪಾಯಿ ಬಿತ್ತು, ಒಂದು ಬ್ಲಾಕು ಎರಡೂವರೆ ಇಟ್ಟಿಗೆಗೆ ಸಮ, ಲೆಕ್ಕ ನೀವೇ ಹಾಕಿ. ಮಣ್ಣು ಸಾಗಿಸಿದ ದೂರ ಮೂವತ್ತು ಹೆಜ್ಜೆ. ಗುಂಡಿ ಈಗ ಇಪ್ಪತ್ತು ಸಾವಿರ ಲೀಟರ್ ತೊಟ್ಟಿ.

ಬುಡಕ್ಕೆ ಎರಡಡಿ ಸೈಜು ಕಲ್ಲು, ಸೂರು ಮೂರಡಿ ಮುಂದಕ್ಕೆ. ಇವೆರಡರಲ್ಲಿ ಯಾವತ್ತೂ ಜಿಪುಣತನ ಮಾಡಬೇಡಿ. ತಾರಸಿ ಫಿಲ್ಲರ್ ಸ್ಲ್ಯಾಬ್, ಅಂದರೆ ನಡುವೆ ಹೆಂಚು ಕೂರಿಸಿ ಕಾಂಕ್ರೀಟ್ ಉಳಿಸುವಂಥದ್ದು; ಕೆಡವಿದ ಮನೆಯ ಮಂಗಳೂರು ಹೆಂಚು ಒಂದಕ್ಕೆ ಎಂಟು ರೂಪಾಯಿಗೆ ಸಿಕ್ಕವು. ಮಳೆ ಹೊಡೆಯುವ ಪಡುವಣ ಗೋಡೆಗೆ ಸುಣ್ಣದ ಗಾರೆ: ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿದ್ದು. ಅದರ ಅಳತೆ, ಎಷ್ಟು ದಿನ ಕೊಳೆಹಾಕಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಗೋಡೆ ಕೆರೆದು ಹಾಕಿ ಕಲಿತದ್ದು ಅದು. ಬಂದು ನನ್ನ ಜೊತೆ ಒಂದು ಗೋಡೆ ಮೆತ್ತುವವರಿಗೆ ತೋರಿಸುತ್ತೇನೆ.

2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದರಲ್ಲ, ಅದೇ ಮಳೆ ನಮ್ಮ ಗೋಡೆಯ ಮೇಲೂ ಸುರಿಯಿತು. ಬೆಳಿಗ್ಗೆ ಮೇಸ್ತ್ರಿ ಬಂದು, ಮೂಲೆ ಮೂಲೆಗೂ ಹೆಬ್ಬೆಟ್ಟು ಒತ್ತಿ ನೋಡಿದರು. ಬೆರಳಿಗೆ ಮಣ್ಣು ಹತ್ತಲಿಲ್ಲ. ಈ ಸುತ್ತಿನಲ್ಲಿ ಇಷ್ಟು ನೆಟ್ಟಗಿನ ಮಣ್ಣಿನ ಗೋಡೆ ನಾನಂತೂ ಬೇರೆ ಕಂಡಿಲ್ಲ.

ನನ್ನನ್ನು ನಿಜವಾಗಿ ನೋಯಿಸಿದ ತಪ್ಪು ಗಾಜಿನದು. ಹುಲ್ಲುಗಾವಲು ಪೂರ್ತಿ ಕಾಣಲಿ ಅಂತ ಜಗಲಿಗೆ ಎಂಟಡಿ ಗಾಜು ಹಾಕಿಸಿದ್ದೆ, 38 ಸಾವಿರ. ಎರಡನೇ ವಾರ ಒಂದು ಸೂರಕ್ಕಿ (ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ) ಅದರಲ್ಲಿ ಆಕಾಶ ಕಂಡು ಹಾರಿ ಬಂದು ಬಡಿದು ಸತ್ತಿತು. ಅಂಗೈಯಲ್ಲಿ ಎತ್ತಿಕೊಂಡರೆ ಇನ್ನೂ ಬೆಚ್ಚಗಿತ್ತು. ಹಕ್ಕಿ ನೋಡಲು ಕಟ್ಟಿದ ಮನೆ ಅದು. ಹೊರಗಡೆಯಿಂದ ನಾಲ್ಕಿಂಚಿಗೊಂದು ದಾರ ಇಳಿಬಿಟ್ಟೆ, ಆದರೂ ಎರಡು ಸಲ ಬಡಿದವು. ಎರಡಿಂಚಿಗೆ ಇಳಿಸಿದ ಮೇಲೆ ನಿಂತಿತು. ಕೊನೆಗೆ ಮುಕ್ಕಾಲು ಗಾಜು ತೆಗೆಸಿ, ಮಕ್ಕಳ ಕಣ್ಣೆತ್ತರಕ್ಕೆ, ಮೂರಡಿಯಲ್ಲಿ, ಅಡ್ಡ ಕಿಂಡಿಗಳ ಗೋಡೆ ಎಬ್ಬಿಸಿದೆ. ಒಳಗೋಡೆಗೆ ಸುಣ್ಣ ಬಳಿಯಲಿಲ್ಲ. ಒಳಗೆ ಕತ್ತಲಿದ್ದರೆ ನಮ್ಮ ಅಲುಗಾಟ ಹೊರಗೆ ಕಾಣದು. ಚಳಿಗಾಲದ ಸಂಜೆ ಹ್ಯಾರಿಯರ್ ಹದ್ದು ಹುಲ್ಲಿನ ತುದಿ ಸವರಿಕೊಂಡು ಕಿಂಡಿಯ ಮುಂದೆಯೇ ಹಾಯುತ್ತದೆ, ಒಳಗೆ ಇಪ್ಪತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂತಿರುತ್ತಾರೆ.

ಎಲ್ಲ ಸೇರಿ ಇಪ್ಪತ್ತೊಂದು ಲಕ್ಷದ ಆಸುಪಾಸು, ಗಾಜಿನ ದಂಡವೂ ಅದರಲ್ಲೇ.

ಇನ್ನೊಂದು ಪ್ರಯೋಗ ಸುಮ್ಮನೆ ಮಾಡಿದ್ದು. ಜಗಲಿಯ ಪಕ್ಕ, ಸೂರಿನ ಕೆಳಗೆ, ಸಿಮೆಂಟ್ ಹಾಕದ ಬರೀ ಮಣ್ಣಿನ ಮೋಟು ಗೋಡೆಯೊಂದನ್ನು ಮೆತ್ತಿ ಬಿಟ್ಟೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು ಇಂಥ ಮಣ್ಣನ್ನು ಕೊರೆದು ಮೊಟ್ಟೆ ಇಡುತ್ತದೆ. ಮೊದಲ ವರ್ಷ ಒಂದೂ ಬರಲಿಲ್ಲ. ಪಕ್ಕದಲ್ಲಿ ತುಳಸಿ, ಕಾಮಕಸ್ತೂರಿ ಸಾಲು ಹಾಕಿದೆ. ಕಳೆದ ಭಾನುವಾರ ಮಕ್ಕಳು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಎಣಿಸಿದರು, ನಲವತ್ತೊಂದು ತೂತು.