‘ನಂದೇನೈತ್ರಿ ಸರ ಬರಿಯಾಕ’ ಅನ್ನುವ ಮಕ್ಕಳ ಕೈಲಿ ಬರೆಸುವುದು

ಒಂಬತ್ತನೇ ಕ್ಲಾಸಿಗೆ ಹೋಗಿ ‘ನಿಮ್ಮ ಜೀವನದ ಮರೆಯಲಾಗದ ಘಟನೆ’ ಅಂತ ಬೋರ್ಡ್ ಮೇಲೆ ಬರೆದು ನೋಡಿ. ಐದು ನಿಮಿಷ ಪೆನ್ನು ಕಚ್ಚುತ್ತಾರೆ. ಆಮೇಲೆ ಅರ್ಧ ಕ್ಲಾಸು ಹಂಪಿ ಪ್ರವಾಸ ಬರೆಯುತ್ತದೆ, ಇನ್ನರ್ಧ ಕೊಪ್ಪಳದ ಗವಿಮಠದ ಜಾತ್ರೆ. ‘ಹಂಪಿಯು ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿತ್ತು’ ಅಂತ ಶುರು, ‘ಹೀಗೆ ನಮ್ಮ ಪ್ರವಾಸವು ಸುಖಕರವಾಗಿತ್ತು’ ಅಂತ ಮುಗಿತು. ಬಸ್ಸಿನಲ್ಲಿ ಯಾರು ವಾಂತಿ ಮಾಡಿಕೊಂಡರು, ಯಾರ ಬುತ್ತಿ ಯಾರು ಖಾಲಿ ಮಾಡಿದರು, ಮೇಷ್ಟ್ರು ಯಾರನ್ನು ಬಿಟ್ಟು ಬಸ್ ಹೊರಡಿಸಿದ್ದರು, ಒಂದೂ ಇಲ್ಲ. ಅದೇ ಮಕ್ಕಳು ಬಿಡುವಿನಲ್ಲಿ ನೀರಿನ ಟ್ಯಾಂಕ್ ಹತ್ತಿರ ನಿಂತು ಇದನ್ನೆಲ್ಲ ಕೈ ಕಾಲು ಆಡಿಸಿ, ದನಿ ಬದಲಿಸಿ, ಬಿದ್ದು ಬಿದ್ದು ನಗುವಂತೆ ಹೇಳುತ್ತಿರುತ್ತಾರೆ.

ಅಂದರೆ ಇವರಿಗೆ ಹೇಳೋಕೆ ಬರುತ್ತದೆ. ಬಾಯಿಂದ ಕಾಗದಕ್ಕೆ ಬರುವ ದಾರಿಯಲ್ಲಿ ಎಲ್ಲೋ ಸತ್ತುಹೋಗುತ್ತದೆ, ಮತ್ತು ಅದಕ್ಕೆ ಕಾರಣ ನನ್ನಂಥ ಕನ್ನಡ ಮೇಷ್ಟ್ರುಗಳೇ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಡಬ್ಬಿ ಕೊಟ್ಟು ತುಂಬಿಸಿ ಅಂದವರು ನಾವು. ಪರೀಕ್ಷೆಗೆ ಅದು ಬೇಕು, ಬೇಡ ಅನ್ನಲ್ಲ. ಆದರೆ ಮಕ್ಕಳು ತಮ್ಮ ಬಗ್ಗೆ ಬರೆಯುವ ದಿನ ಆ ಡಬ್ಬಿಗಳು ಕಪಾಟಿನಲ್ಲೇ ಇರಲಿ. ಕೊಪ್ಪಳ ಜಿಲ್ಲೆಯ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡುತ್ತಾ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ‘ಜೀವನ’ ಅನ್ನುವ ಪದವನ್ನೇ ಬಿಡಿ. 14 ವರ್ಷದವರಿಗೆ ಜೀವನ ಅಂದರೆ ಪಠ್ಯಪುಸ್ತಕದ ಕವಿ ಪರಿಚಯದಲ್ಲಿ ಬರುವಂಥದ್ದು, ಜನನ ಮರಣದ ಇಸವಿ ಇರುವವರಿಗೆ ಮಾತ್ರ ಇರುವಂಥದ್ದು. ಅದಕ್ಕೇ ‘ನಂದೇನೈತ್ರಿ ಸರ ಬರಿಯಾಕ’ ಅನ್ನುತ್ತಾರೆ. ಪ್ರಶ್ನೆ ಸಣ್ಣದಿರಬೇಕು. ಮನೆಯಲ್ಲಿ ನೀನು ಮುಟ್ಟಬಾರದ ವಸ್ತು ಯಾವುದು? ಇವತ್ತಿಗೂ ಸಿಕ್ಕಿಬೀಳದ ಒಂದು ಸುಳ್ಳು? ನನಗೆ ಒಮ್ಮೆಯೂ ಕೈಕೊಡದ ಪ್ರಶ್ನೆ ಇದು: ನಿನ್ನ ಮೈಮೇಲಿನ ಒಂದು ಗಾಯದ ಕಲೆ ತೋರಿಸು, ಅದು ಹೇಗಾಯಿತು? ಕಲೆ ಇಲ್ಲದ ಮಗು ನಮ್ಮ ಕಡೆ ಸಿಗುವುದಿಲ್ಲ. ಒಬ್ಬನಿಗೆ ಭತ್ತ ಕೊಯ್ಯುವಾಗ ತಗುಲಿದ ಕುಡುಗೋಲು, ಇನ್ನೊಬ್ಬನಿಗೆ ಮೊಹರಂನಲ್ಲಿ ಅಲಾಯಿ ಕುಣಿಯ ಬೆಂಕಿಯಿಂದ ಹಾರಿದ ಕಿಡಿ, ಒಬ್ಬಳಿಗೆ ಅವ್ವನ ಮಿರ್ಚಿ ಬಂಡಿಯ ಎಣ್ಣೆ. ಕಲೆ ತೋರಿಸಲು ತೋಳು ಮಡಚಿದ ಕೂಡಲೇ ಕಥೆ ತಾನಾಗಿ ಶುರುವಾಗುತ್ತದೆ.

ಆದರೆ ತಕ್ಷಣ ಬರೆಯಲು ಬಿಡಬೇಡಿ. 40 ನಿಮಿಷದ ಅವಧಿಯಲ್ಲಿ ಮೊದಲ 15 ನಿಮಿಷ ಪೆನ್ನು ಮುಟ್ಟುವಂತಿಲ್ಲ. ಇಬ್ಬಿಬ್ಬರು ಕೂತು ಒಬ್ಬರಿಗೊಬ್ಬರು ಹೇಳಬೇಕು. ಕೇಳುವವರಿಗೆ ಮೂರೇ ಪ್ರಶ್ನೆ ಕೊಟ್ಟಿರುತ್ತೇನೆ: ಆಗ ನೀನು ಎಲ್ಲಿ ನಿಂತಿದ್ದೆ, ಅವರು ಏನಂದರು (ಅಂದ ಹಾಗೇ ಹೇಳು), ಆಮೇಲೆ? ಗದ್ದಲ ಆಗುತ್ತದೆ, ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ನೋಡುತ್ತಾರೆ. ನೋಡಲಿ. ಮಾತು ಬಿಸಿ ಇರುವಾಗಲೇ ಪೆನ್ನು ಹಿಡಿಸಿ, ಉಳಿದ ಹೊತ್ತಿನಲ್ಲಿ ಒಂದು ಪುಟ ಬಂದರೆ ಸಾಕು.

ಈಗ ಕಷ್ಟದ ಭಾಗ. ಬಾಯಲ್ಲಿ ಚೆನ್ನಾಗಿ ಹೇಳಿದವರೂ ಕಾಗದದ ಮೇಲೆ ಟಿವಿ ವರದಿಗಾರರಾಗುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು, ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗ ನಮ್ಮಲ್ಲಿ ಬೇರೆ ಮಾತೇ ಇರಲಿಲ್ಲ. ಎಡದಂಡೆ ಕಾಲುವೆ ನಂಬಿ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ನಾಟಿ ನಡೆದಿತ್ತು. ಹೊಸ ಗೇಟು ಕೂಡಿಸಬೇಕಾದರೆ ಡ್ಯಾಮಿನ ನೀರನ್ನೇ ಇಳಿಸಬೇಕು ಅನ್ನುತ್ತಿದ್ದರು. ಆ ವಾರ ಬರೆಸಿದೆ. ಒಬ್ಬ ಹುಡುಗ ಬರೆದ: ಅಣೆಕಟ್ಟಿಗೆ 33 ಗೇಟುಗಳಿವೆ, ಅದು ರೈತರ ಜೀವನಾಡಿ, ರೈತರು ಆತಂಕಗೊಂಡಿದ್ದಾರೆ. ತಪ್ಪೇನಿಲ್ಲ.

‘ರೈತರು ಅಂದ್ರೆ ಯಾರಪ್ಪ?’ ಅಂದೆ.

‘ನಮ್ಮಪ್ಪ ರೀ.’

‘ಮತ್ತೆ ಸುದ್ದಿ ಕೇಳಿ ನಿಮ್ಮಪ್ಪ ಏನು ಮಾಡಿದ?’

ಅಪ್ಪ ಮೊಬೈಲ್‌ನಲ್ಲಿ ಆ ವಿಡಿಯೋ ನಾಲ್ಕು ಸಲ ನೋಡಿ, ಏನೂ ಅನ್ನದೆ ಟವೆಲ್ ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೋದನಂತೆ. ಗದ್ದೆಯಲ್ಲಿ ಅವತ್ತು ನೀರು ತುಂಬಿಯೇ ಇತ್ತು, ಮಾಡುವ ಕೆಲಸ ಏನೂ ಇರಲಿಲ್ಲ, ಸುಮ್ನೆ ಬದುವಿನ ಮೇಲೆ ಕೂತಿದ್ದ. ಅವ್ವ ಇವನ ಕೈಲಿ ಬುತ್ತಿ ಕಳಿಸಿದಳು. ಬುತ್ತಿ ಹಾಗೇ ವಾಪಸ್ ಬಂತು.

ಇದನ್ನೇ ಬರಿ ಅಂದರೆ, ‘ಇದನ್ನ ಬರೀಬೇಕೇನ್ರಿ?’ ಅಂದ. ಮನೆಯಲ್ಲಿ ನಡೆದದ್ದು ನೋಟ್‌ಬುಕ್ಕಿಗೆ ತಕ್ಕದ್ದಲ್ಲ ಅಂತ ಅವನಿಗೆ ಗಟ್ಟಿಯಾಗಿ ನಂಬಿಕೆ ಇತ್ತು. ಎರಡನೇ ಸಲ ಬರೆದಾಗ 33 ಹೋಯಿತು. 19 ಮಾತ್ರ ಉಳಿಯಿತು. ಯಾಕಂದರೆ ಅವರಪ್ಪ ಆ ವಾರವಿಡೀ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ‘ಹತ್ತೊಂಬತ್ತನೇದು ಕೂಡ್ಸಿದ್ರೇನು?’ ಅಂತ ಕೇಳುತ್ತಿದ್ದ. ಅಂದಿನಿಂದ ನಾನು ಕಲಿಸುವ ಉಪಾಯ ಇಷ್ಟೇ. ಬರೆದದ್ದರಲ್ಲಿ ರೈತರು, ಬಡವರು, ಜನರು, ಎಲ್ಲರೂ ಅಂತ ಬಂದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆ, ಅಲ್ಲಿ ಒಬ್ಬರನ್ನು ತಂದು ಕೂಡಿಸು. ‘ತುಂಬಾ ದುಃಖವಾಯಿತು’ ಅಂತ ಇದ್ದರೆ ಅದಕ್ಕೂ ಗೆರೆ, ಆಗ ಕೈ ಏನು ಮಾಡುತ್ತಿತ್ತು ಅಂತ ಬರಿ.

ಭಾಷೆಯ ವಿಷಯ. ಮೊದಲ ಕರಡಿಗೆ ಕೆಂಪು ಪೆನ್ನು ತರಲೇಬೇಡಿ. ಮಹಾಪ್ರಾಣ ಬಿಟ್ಟುಹೋಗಿದ್ದರೆ ಹೋಗಲಿ, ಮೂರನೇ ಸಲಕ್ಕೆ ಸರಿ ಮಾಡೋಣ. ‘ಐತಿ’ ಅಂತ ಬರೆದರೆ ಹೊಡೆದು ‘ಇದೆ’ ಮಾಡುವ ಚಟ ನನಗೂ ಇತ್ತು. ಈಗಿನ ನಿಯಮ: ನಿನ್ನ ಮಾತು ನಿನಗೆ ಹೇಗೆ ಬರುತ್ತದೋ ಹಾಗೆ, ಬೇರೆಯವರ ಮಾತು ಮಾತ್ರ ಅವರು ಆಡಿದ ಹಾಗೇ. ನಮ್ಮ ಕ್ಲಾಸುಗಳಲ್ಲಿ ಮನೆಮಾತು ಒಂದೇ ಅಲ್ಲವಲ್ಲ. ತಾಂಡಾದಿಂದ ಬರುವವರಿಗೆ ಲಂಬಾಣಿ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿಂದ ಬರುವವರಿಗೆ ತೆಲುಗು, ಪೇಟೆಯ ಕೆಲವರಿಗೆ ಉರ್ದು, ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಿಗೆ, ಹೋದರೆ ಬಂಗಾಳಿ. ಒಬ್ಬಳು ಅಜ್ಜಿಯ ಮಾತನ್ನು ಲಂಬಾಣಿಯಲ್ಲೇ, ಕನ್ನಡ ಲಿಪಿಯಲ್ಲಿ ಬರೆದಳು. ಅರ್ಥ ಕೊಡಲಿಲ್ಲ, ನಾನೂ ಕೇಳಲಿಲ್ಲ. ಗಟ್ಟಿಯಾಗಿ ಓದಿದಾಗ ಅದು ಬೈಗುಳ ಅಂತ ಇಡೀ ಕ್ಲಾಸಿಗೆ ತಿಳಿಯಿತು.

ನೀವೂ ಬರೆಯಿರಿ, ಅವರ ಜೊತೆಯೇ ಕೂತು. ನಾನು ಚಿಕ್ಕವನಿದ್ದಾಗ ಅಪ್ಪನ ಅಂಗಿ ಜೇಬಿನಿಂದ ಐದು ರೂಪಾಯಿ ಕದ್ದದ್ದು ಬರೆದು ಓದಿದೆ. ‘ಆಮ್ಯಾಲೆ ರೊಕ್ಕ ವಾಪಸ್ ಇಟ್ರೇನ್ರಿ ಸರ?’ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಅದನ್ನು ನಾನು ಜಾಣತನದಿಂದ ಬಿಟ್ಟಿದ್ದೆ.

ಇನ್ನೊಂದು ಮಾತು, ಇದನ್ನು ತಪ್ಪು ಮಾಡಿ ಕಲಿತೆ. ನಮ್ಮ ಕಡೆ ಗುಳೆ ಹೋಗುವ ಮನೆಗಳು ಜಾಸ್ತಿ. ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋಗಿ, ಮಕ್ಕಳು ಅಜ್ಜಿ ಹತ್ತಿರ ಉಳಿದಿರುತ್ತಾರೆ. ಮೊದಲ ವರ್ಷ ಅಂಥ ಒಬ್ಬ ಹುಡುಗಿಯ ಬರಹ ನನಗೆ ಬಹಳ ಹಿಡಿಸಿ, ಅವಳನ್ನು ಕೇಳದೆ ಕ್ಲಾಸಿನಲ್ಲಿ ಓದಿಬಿಟ್ಟೆ. ಮೂರು ದಿನ ಅವಳು ಶಾಲೆಗೆ ಬರಲಿಲ್ಲ. ಆಮೇಲಿನಿಂದ ಪುಟದ ಮೂಲೆ ಮಡಚಿದ್ದರೆ ನಾನೊಬ್ಬನೇ ಓದುತ್ತೇನೆ, ಪುಟವನ್ನೇ ಅರ್ಧಕ್ಕೆ ಮಡಚಿದ್ದರೆ ನಾನೂ ಓದುವುದಿಲ್ಲ, ಬರೆದಿದ್ದೀರಿ ಅಂತ ಟಿಕ್ ಅಷ್ಟೇ. ಅಂಕವನ್ನಂತೂ ಕೊಡುವುದೇ ಇಲ್ಲ. ಮತ್ತೆ, ಕಣ್ಣೀರು ಹುಡುಕಬೇಡಿ. ನಮ್ಮ ಮೇಷ್ಟ್ರುಗಳಿಗೆ ಅದೊಂದು ಹಸಿವು. ಅವ್ವನನ್ನು ನೋಡಲು ಬೆಂಗಳೂರಿಗೆ ಹೋದವಳು ಜೀವನದಲ್ಲಿ ಮೊದಲ ಸಲ ಲಿಫ್ಟ್ ಹತ್ತಿ, ಕೆಳಗೆ ಮೇಲೆ ಏಳು ಸಲ ಓಡಾಡಿ ವಾಚ್‌ಮನ್ ಕೈಲಿ ಬೈಸಿಕೊಂಡದ್ದನ್ನು ಬರೆದರೆ, ‘ಅವ್ವನ ನೆನಪಾಗಲಿಲ್ಲವಾ?’ ಅಂತ ಕೆದಕಬೇಡಿ. ಅವಳಿಗೆ ಅವತ್ತು ಬೇಕಾದದ್ದು ಲಿಫ್ಟು.

ಮಡಚಿದ ಪುಟದ ಈ ನಿಯಮಕ್ಕೆ ಒಂದು ಹೊರತು ಇದೆ, ಮೊದಲ ದಿನವೇ ಹೇಳಿಬಿಡಿ. ಯಾರಾದರೂ ಹೊಡೆಯುವುದು, ಮೈ ಮುಟ್ಟುವುದು, ಮದುವೆ ಗೊತ್ತು ಮಾಡಿರುವುದು ನನ್ನ ಕಣ್ಣಿಗೆ ಬಿದ್ದರೆ ಗುಟ್ಟಾಗಿ ಇಡಲಾರೆ, ಮಡಚಿದ ಪುಟದಲ್ಲಿ ಅಂಥದ್ದಿದ್ದರೆ ನೀವೇ ಬಂದು ಹೇಳಿ ಅಂತ. ಆಗ ಅದನ್ನು ಬರಹ ಅಂತ ನೋಡುವ ಹೊತ್ತಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವ ಹೊತ್ತು. ಈ ನಂಬರನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿರುತ್ತೇನೆ.

ಕೊನೆಗೆ ಮುಕ್ತಾಯದ ಕಾಟ. ಎಲ್ಲ ಚೆನ್ನಾಗಿ ಬರೆದು ಕೊನೆಯ ಎರಡು ಸಾಲಿನಲ್ಲಿ ನೀತಿ ಹೇಳದೆ ಇವರಿಗೆ ನಿದ್ದೆ ಬರುವುದಿಲ್ಲ. ‘ಆದ್ದರಿಂದ ನಾವೆಲ್ಲರೂ’ ಅಂತ ಶುರುವಾಯಿತು ಅಂದರೆ ಸಾಕು. ಹೊಡೆದು ಹಾಕಬೇಡಿ, ಆ ಸಾಲುಗಳ ಮೇಲೆ ಅಂಗೈ ಇಟ್ಟು ಮುಚ್ಚಿ ಉಳಿದದ್ದನ್ನು ಗಟ್ಟಿಯಾಗಿ ಓದಿಸಿ, ಎರಡರಲ್ಲಿ ಯಾವುದು ಇರಲಿ ಅಂತ ಬರೆದವರೇ ಹೇಳಲಿ. ಗದ್ದೆಯ ಹುಡುಗನೂ ‘ಆದ್ದರಿಂದ ನಾವೆಲ್ಲರೂ ನೀರನ್ನು ಮಿತವಾಗಿ ಬಳಸೋಣ’ ಅಂತ ಹಾಕಿದ್ದ. ಅಂಗೈ ಇಟ್ಟು ಓದಿದ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಆ ಸಾಲನ್ನು ತಾನೇ ಹೊಡೆದು, ಅಲ್ಲಿ ಇನ್ನೊಂದು ಬರೆದ. ವಾಪಸ್ ಬಂದ ಬುತ್ತಿಯನ್ನು ಅವ್ವ ರಾತ್ರಿ ಎಮ್ಮೆಗೆ ಹಾಕಿದಳು, ಎಮ್ಮೆಗೆ ಅವತ್ತು ಹಬ್ಬ.