ಗಂಟು ಊದಿದರೂ ಮಾತ್ರೆ ಬಿಡಲಿಲ್ಲ

ನನಗೆ ಎಚ್‌ಐವಿ ಇದೆ. ಹೋದ ತಿಂಗಳು ನನ್ನ ವೈರಲ್ ಲೋಡ್ ಟಿಎನ್‌ಡಿ ಬಂತು, ಅಂದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗಲಿಲ್ಲ. "ಇವಳು ಉಳಿಯೋದು ಕಷ್ಟ" ಅಂದವರೂ ಓದಲಿ ಅಂತ ಬರೀತಿದ್ದೇನೆ.

ಎಆರ್‌ಟಿ, ಅಂದರೆ ಎಚ್‌ಐವಿ ಮಾತ್ರೆ, ಬಿಟ್ಟು ಒಂದೂವರೆ ವರ್ಷದ ಮೇಲಾಗಿತ್ತು. ಮಾತ್ರೆ ತಗೊಳ್ಳೋ ಕಾರ್ಡ್ ಊರಿನ ಕಡೆ ಬಾಗಲಕೋಟೆಯದು, ಹೊಲಿಗೆ ಕೆಲಸ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ "ಬಸ್ಸೇ ಫ್ರೀ, ಇನ್ನೇನು ನಿನಗೆ" ಅಂದರು. ಹೋಗಿ ಬಂದರೆ ಕಳೆಯೋದು ಎರಡು ದಿನದ ಸಂಬಳ, ಒಂಬೈನೂರರ ಹತ್ತಿರ, ಜೊತೆಗೆ ಆ ತಿಂಗಳ ಅಟೆಂಡೆನ್ಸ್ ಬೋನಸ್ಸು. ಅದನ್ನು ಯಾರು ಕೊಡ್ತಾರೆ?

ನಡುವೆ ಅಕ್ಕನ ಗಂಡ ನಾಟಿ ಔಷಧಿ ಕೊಡಿಸಿದರು. ಕಂದು ಪುಡಿ, ಜೇನುತುಪ್ಪ, ಕಟ್ಟುನಿಟ್ಟು ಪಥ್ಯ. ಓಲೆ ಅಡವಿಟ್ಟ ಹದಿನೆಂಟು ಸಾವಿರ ಅಲ್ಲಿ ಕರಗಿತು. ತೂಕ ಮೂವತ್ತೆಂಟಕ್ಕೆ ಇಳಿಯಿತು, ನಾಲಿಗೆ ಮೇಲೆ ಬೆಳ್ಳಗೆ ದಪ್ಪ ಪದರ.

ಊರಿನ ಆಸೆ ಬಿಟ್ಟು, ಚಿಕಿತ್ಸೆಯ ದಾಖಲೆ ಇರೋ ಹಳೇ ಗ್ರೀನ್ ಬುಕ್ ಹಿಡಿದು ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯ ಎಆರ್‌ಟಿ ಸೆಂಟರ್‌ಗೇ ಹೋದೆ. ಬೈಸಿಕೊಳ್ಳೋಕೆ ತಯಾರಾಗಿದ್ದೆ, ಕೌನ್ಸೆಲರ್ ಮೇಡಂ ಕೂರಿಸಿ "ಊಟ ಆಯ್ತಾ?" ಅಂದರು. ಟ್ರಾನ್ಸ್‌ಫರ್ ಕೂಡ ಅವರೇ ಮಾಡಿಸಿಕೊಂಡರು. ರೋಗನಿರೋಧಕ ಶಕ್ತಿ ಎಷ್ಟಿದೆ ಅಂತ ತೋರಿಸುವ ಸಿಡಿ4 ಎಣಿಕೆ ಅರವತ್ತರ ಆಚೀಚೆ, ತೀರಾ ಕಮ್ಮಿ. ಮೆದುಳಿಗೆ ಹತ್ತುವ ಫಂಗಸ್ ಕ್ರಿಪ್ಟೋಕಾಕಸ್ ನೆಗೆಟಿವ್, ಆದರೆ ಕತ್ತಿನ ಗಂಟಿಗೆ ಸೂಜಿ ಹಾಕಿದರೆ ಟಿಬಿ. ಮೊದಲು ಟಿಬಿ ಮಾತ್ರೆ, ಎರಡು ವಾರ ಬಿಟ್ಟು ಟಿಎಲ್‌ಡಿ, ಅಂದರೆ ಡೊಲುಟೆಗ್ರಾವಿರ್ ಸೇರಿ ಮೂರು ಎಚ್‌ಐವಿ ಔಷಧಿ ಇರುವ ಒಂದೇ ಮಾತ್ರೆ. ಟಿಬಿ ಮಾತ್ರೆಯಲ್ಲಿ ರಿಫಾಂಪಿಸಿನ್ ಇದೆಯಲ್ಲ, ಅದು ಡೊಲುಟೆಗ್ರಾವಿರ್ ಬಲ ಕುಗ್ಗಿಸುತ್ತೆ, ಅದಕ್ಕೇ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ 50. ಮಿಕ್ಕ ಸೋಂಕು ತಡೆಯೋಕೆ ಸೆಪ್ಟ್ರಾನ್ ಬೇರೆ.

ಕಷ್ಟ ಶುರುವಾಗಿದ್ದು ಟಿಎಲ್‌ಡಿ ಹಿಡಿದ ಮೂರನೇ ವಾರ. ಇಳಿದಿದ್ದ ಗಂಟು ನಿಂಬೆಹಣ್ಣಿನಷ್ಟಾಗಿ ಕೆಂಪಗಾಯಿತು, ಜ್ವರ 102. "ಮಾತ್ರಿ ಒಗ್ಗವಲ್ವು, ಬಿಟ್ಟಬಿಡ ನನ್ನವ್ವ" ಅಂತ ಅವ್ವ ಫೋನಿನಲ್ಲೇ ಅತ್ತಳು. ರೂಮಿನವರದೂ ಅದೇ ರಾಗ. ನಾನು ಬೆಳಗಿನ ಮಾತ್ರೆ ನುಂಗಿಯೇ ಸೆಂಟರ್‌ಗೆ ಓಡಿದೆ. ಇದಕ್ಕೆ "ಐರಿಸ್" (IRIS) ಅಂತಾರೆ ಅಂದರು ಡಾಕ್ಟರ್: ಮಲಗಿದ್ದ ರೋಗನಿರೋಧಕ ಶಕ್ತಿ ಎದ್ದು ಟಿಬಿ ಮೇಲೆ ಬಿದ್ದಿದೆಯಂತೆ. ಕೀವು ತೆಗೆದರು, ಕೆಲವು ವಾರ ಸ್ಟೆರಾಯ್ಡ್ ಕೊಟ್ಟರು, ಎರಡೂ ಔಷಧಿ ನಿಲ್ಲಿಸಲಿಲ್ಲ. ತಿಂಗಳು, ತಿಂಗಳೂವರೆಯಲ್ಲಿ ಇಳಿಯಿತು. ಇದೇ ಹಂತದಲ್ಲಿ ಹೆದರಿ ಬಿಟ್ಟುಹೋದವರನ್ನು ನಾನು ಬಲ್ಲೆ, ಅವರಿಗಿದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಟಿಬಿಯವರಿಗೆ ಆಹಾರಕ್ಕೆ ಕೊಡುವ ದುಡ್ಡು 2024ರ ನವೆಂಬರ್‌ನಿಂದ ತಿಂಗಳಿಗೆ 500 ಇದ್ದದ್ದು 1000 ಆಯಿತು. ನನಗೆ ತಡವಾಗಿ ಬಂತು. ಒಂದಷ್ಟು ಮೊಟ್ಟೆಗೆ, ಮಿಕ್ಕಿದ್ದು ಓಲೆಯ ಬಡ್ಡಿಗೆ.

ಟಿಬಿ ಕೋರ್ಸ್ ಮುಗಿದು ಎಚ್‌ಐವಿಗೆ ದಿನಕ್ಕೊಂದೇ ಟಿಎಲ್‌ಡಿ ಮಾತ್ರೆ ಅಂತಾದ ಮೇಲೆ, ಡಾಕ್ಟರನ್ನು ಕೇಳಿಕೊಂಡು ಅದನ್ನು ರಾತ್ರಿಗೆ ಬದಲಾಯಿಸಿ ನೋಡಿದೆ. ನಿದ್ದೆಯೇ ಹಾರಿತು, ಮತ್ತೆ ಬೆಳಿಗ್ಗೆ ಏಳಕ್ಕೇ ತಂದೆ. ಫ್ಯಾಕ್ಟರಿಯಲ್ಲಿ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಇದರ ಜೊತೆ ಖಾಲಿ ಹೊಟ್ಟೆಯಲ್ಲಿ ಸೇರಬಾರದು, ಅದನ್ನು ಮಧ್ಯಾಹ್ನದ ಊಟಕ್ಕೆ ಹಾಕಿಕೊಂಡೆ. ಡಬ್ಬಿ ಗಲಗಲ ಅಂದರೆ ರೂಮಿನಲ್ಲಿ ನಾಲ್ಕು ಕಿವಿ ನೆಟ್ಟಗಾಗ್ತವೆ. ಒಳಗೆ ಹತ್ತಿ ತುರುಕಿದೆ, ಸದ್ದಿಲ್ಲ.

ಈಗ ತೂಕ ಐವತ್ತರ ಹತ್ತಿರ, ಸಿಡಿ4 ಮುನ್ನೂರಕ್ಕೆ ಸ್ವಲ್ಪ ಕಮ್ಮಿ. 350 ದಾಟುವವರೆಗೆ ಸೆಪ್ಟ್ರಾನ್ ಬಿಡುವ ಹಾಗಿಲ್ಲ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡ್ತಿದ್ದಾರೆ, ಅರ್ಧ ದಿನದ ಪರ್ಮಿಶನ್ ಸಾಕು. ಸೂಪರ್‌ವೈಸರ್‌ಗೆ ಏನು ಹೇಳಿ ತಗೋತೀನಿ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನಗಿನ್ನೂ ಬೇಕು.