ತೊಗರಿಯಿಂದ ಬೇಳೆಗೆ: ನಾಲ್ಕು ಕೈಗಳ ಲೆಕ್ಕ ತಾಳೆಯಾಗಿಸುವುದು ಹೇಗೆ?

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಇಂಥ ಪ್ರದೇಶದ್ದೇ ಮಾಲು ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಪ್ಯಾಕೆಟ್‌ನಲ್ಲಿರುವುದು ನಮ್ಮ ಹೊಲದ ತೊಗರಿಯೇ ಎಂದು ಕೇಳಿದವರಿಗೆ ತೋರಿಸಲು ದಾಖಲೆ ಬೇಕು. ಮಾಲು ರೈತ ಉತ್ಪಾದಕ ಕಂಪನಿ (ರೈತರೇ ಸೇರಿ ಕಟ್ಟಿಕೊಂಡ ಕಂಪನಿ), ಗೋದಾಮು, ದಾಲ್ ಮಿಲ್, ಸಗಟು ಖರೀದಿದಾರ ಎಂಬ ನಾಲ್ಕು ಕೈ ದಾಟುತ್ತದೆ. ನಾಲ್ವರ ಬಳಿಯೂ ಲೆಕ್ಕದ ಪುಸ್ತಕ ಇರುತ್ತದೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಪೂರೈಕೆ ಸರಪಳಿ ಕಟ್ಟುತ್ತೇವೆ ಎಂದು ಹೊರಟವರು ಮೊದಲು ಸಾಫ್ಟ್‌ವೇರ್ ಹುಡುಕುತ್ತಾರೆ. ಅದು ಕೊನೆಗೆ ಮಾಡುವ ಕೆಲಸ.

ಮೊದಲು ಅಳತೆ

ಜಗಳ ಹುಟ್ಟುವುದು ಮಾಲು ಕೈ ಬದಲಾಗುವ ಜಾಗದಲ್ಲಿ, ಅದರಲ್ಲೂ ತೇವಾಂಶದ ವಿಚಾರದಲ್ಲಿ. ಬೆಂಬಲ ಬೆಲೆ ಖರೀದಿಗೆ ಮಿತಿ ಶೇ 12. ರಾಶಿ ಮುಗಿದ ಕೂಡಲೇ ತಂದ ತೊಗರಿಯಲ್ಲಿ ಶೇ 14 ಇತ್ತು ಎನ್ನಿ. 100 ಕ್ವಿಂಟಲ್ ಮಾಲು ಶೇ 12ಕ್ಕೆ ಒಣಗುವಷ್ಟರಲ್ಲಿ ಸುಮಾರು 2.3 ಕ್ವಿಂಟಲ್ ತೂಕ ಇಳಿದಿರುತ್ತದೆ. ಯಾರೂ ಕದ್ದಿಲ್ಲ, ನೀರು ಆರಿದೆ ಅಷ್ಟೆ. ಇದು ಮೊದಲೇ ಕಾಗದದ ಮೇಲೆ ಇಲ್ಲದಿದ್ದರೆ ಕಂಪನಿಯವರು ಗೋದಾಮಿನವರನ್ನು, ಮಿಲ್ಲಿನವರು ಕಂಪನಿಯವರನ್ನು ಅನುಮಾನಿಸುತ್ತಾರೆ.

ಹಾಗಾಗಿ ಎಲ್ಲರೂ ಒಂದೇ ಬಗೆಯ ತೇವಾಂಶ ಮಾಪಕ ಇಟ್ಟುಕೊಳ್ಳಲಿ. ಒಣಗಿದ್ದಕ್ಕೆ ಎಷ್ಟು ತೂಕ ಬಿಡಬೇಕು, ಕಸಕಡ್ಡಿ, ಹುಳು ತಿಂದ ಕಾಳು ಎಷ್ಟರವರೆಗೆ ನಡೆಯುತ್ತದೆ ಎಂಬುದನ್ನು ಒಪ್ಪಂದದಲ್ಲಿ ಬರೆಯಿರಿ. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಎದುರಿಗೆ ನಿಂತು ಅಳೆದು ಒಂದೇ ಚೀಟಿಗೆ ಸಹಿ ಹಾಕಲಿ.

ಲಾಟ್ ಸಂಖ್ಯೆ

ಒಂದೇ ಊರಿನಿಂದ ಒಂದೇ ದಿನ ಬಂದ ಒಂದೇ ತಳಿಯ ಮಾಲು ಒಂದು ಲಾಟ್. ಊರು, ತಳಿ, ತಂದ ದಿನ ಸೇರಿಸಿ ಒಂದು ಸಂಖ್ಯೆ ಮಾಡಿ ಚೀಲದ ಮೇಲೆ ಬರೆಯಿರಿ. ಕೊನೆಯ ಪ್ಯಾಕೆಟ್‌ವರೆಗೂ ಅದೇ ಸಂಖ್ಯೆ ಸಾಗಬೇಕು. ಟಿಎಸ್-3ಆರ್ ತಳಿಯ ಚೀಲಕ್ಕೆ ಜಿಆರ್‌ಜಿ-811 ಬೆರೆಸಬೇಡಿ. ಮಿಲ್ಲಿನಲ್ಲಿ ಎರಡು ಮೂರು ಲಾಟ್ ಕೂಡಿಸಬೇಕಾದರೆ ಹೊಸ ಸಂಖ್ಯೆ ಕೊಟ್ಟು, ಯಾವ ಯಾವುದು ಸೇರಿತು ಎಂದು ಪಕ್ಕದಲ್ಲೇ ಬರೆದಿಡಿ.

ಹಿಂದಿನಿಂದ ಲೆಕ್ಕ ಹಾಕಿ

ಖರೀದಿದಾರರಿಗೆ 10 ಟನ್ ಬೇಳೆ ಬೇಕು. 100 ಕಿಲೋ ತೊಗರಿಗೆ 70 ಕಿಲೋ ಬೇಳೆ ಬರುತ್ತದೆ ಎಂದುಕೊಂಡರೂ ಮಿಲ್ಲಿಗೆ ಸುಮಾರು 143 ಕ್ವಿಂಟಲ್ ತೊಗರಿ ಹೋಗಬೇಕು. ಚುನ್ನಿ (ಬೇಳೆಯ ನುಚ್ಚು, ಪುಡಿ), ಹೊಟ್ಟು ಯಾರ ಪಾಲು ಎಂಬುದೂ ಈಗಲೇ ಇತ್ಯರ್ಥವಾಗಲಿ. ಕಾಳಿಗೆ ಎಣ್ಣೆ ಸವರಿ ಬಿಸಿಲಿಗೆ ಒಣಗಿಸುವ ಮಿಲ್ ಆದರೆ ಮಳೆಗಾಲದಲ್ಲಿ ಹೆಚ್ಚು ದಿನ ಹಿಡಿಯುತ್ತದೆ. ಅದನ್ನು ಖರೀದಿದಾರರಿಗೆ ಮುಂಚೆಯೇ ಹೇಳಿಬಿಡಿ.

ಆರ್ಡರ್ ಮಾತ್ರ ನೋಡಿ ಮಾಲು ಕೂಡಿಹಾಕುವುದು ಅಪಾಯ. ಅಂಗಡಿಯಲ್ಲಿ ಮಾರಾಟ ತುಸು ಏರಿದರೆ ಸಗಟಿನವರು ಕೈಗಿರಲಿ ಎಂದು ಇನ್ನಷ್ಟು ಕೇಳುತ್ತಾರೆ, ಮಿಲ್ಲಿನವರು ಅದಕ್ಕೂ ಹೆಚ್ಚು. ಹೀಗೆ ಬೇಡಿಕೆ ಮೇಲಕ್ಕೆ ಹೋದಂತೆ ಉಬ್ಬುವುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1961ರಲ್ಲೇ ವಿವರಿಸಿದ್ದರು. ಇದಕ್ಕೆ ಮದ್ದು ಸರಳ: ವಾರಕ್ಕೊಮ್ಮೆ ನಿಜವಾಗಿ ಎಷ್ಟು ಮಾರಾಟವಾಯಿತು ಎಂಬ ಅಂಕಿ ನಾಲ್ವರಿಗೂ ಸಿಗಬೇಕು. ಖರೀದಿದಾರರು ಇದನ್ನು ಕೊಡಲು ಹಿಂಜರಿಯುತ್ತಾರೆ. ಬೆಲೆ ಗುಟ್ಟಾಗಿರಲಿ, ಪ್ರಮಾಣ ಮಾತ್ರ ಕೊಡಿ ಎಂದು ಕೇಳಿ ನೋಡಿ.

ಹಣ

ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಗಂಜ್‌ನ (ಮಾರುಕಟ್ಟೆಯ) ಅಡತಿಯವರನ್ನು, ಅಂದರೆ ಕಮಿಷನ್ ಏಜೆಂಟರನ್ನು ಬಿಟ್ಟು ನಡೆಸುತ್ತೇವೆ ಎಂಬ ಹುಮ್ಮಸ್ಸು ಹಲವರಿಗಿದೆ. ಆದರೆ ಬಿತ್ತನೆ ಹೊತ್ತಿನಲ್ಲಿ ರೈತರ ಕೈಗೆ ಮುಂಗಡ ಕೊಡುವವರು ಆ ಅಡತಿಯವರೇ. ಆ ಜಾಗ ಯಾರು ತುಂಬುತ್ತೀರಿ? ಉತ್ತರ ಇಲ್ಲದಿದ್ದರೆ ಅವರನ್ನೂ ಸರಪಳಿಯೊಳಗೆ ಸೇರಿಸಿಕೊಳ್ಳುವುದೇ ಜಾಣತನ. ನೋಂದಾಯಿತ ಗೋದಾಮಿನ ಎಲೆಕ್ಟ್ರಾನಿಕ್ ರಸೀದಿ ಇದ್ದರೆ ಅದರ ಮೇಲೆ ಬ್ಯಾಂಕ್ ಸಾಲ ಕೇಳಬಹುದು. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ಮಿಲ್ಲಿಗೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ರಕ್ಷಣೆಯಿದೆ: ಮಾಲು ಒಪ್ಪಿಕೊಂಡ ಮೇಲೆ ಹಣ ಕೊಡುವ ಗಡುವು ಹೆಚ್ಚೆಂದರೆ 45 ದಿನ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ.

ಕೊನೆಗೆ ಕಂಪ್ಯೂಟರ್

ಮೊದಲ ಹಂಗಾಮಿಗೆ ಮೊಬೈಲ್‌ನಲ್ಲಿ ತೆರೆಯುವ ಒಂದು ಹಂಚಿಕೆಯ ಶೀಟ್ ಸಾಕು. ಲಾಟ್ ಸಂಖ್ಯೆ, ತೂಕ, ತೇವಾಂಶ, ದಿನ, ಯಾರ ಬಳಿ ಇದೆ: ಐದೇ ಕಾಲಂ. ಅದನ್ನು ತುಂಬುವ ಹೊಣೆ ಪ್ರತಿ ಸಂಸ್ಥೆಯಲ್ಲೂ ಒಬ್ಬರ ಮೇಲಿರಲಿ. ಜೂನ್‌ನಲ್ಲಿ ಬಿತ್ತನೆ ಶುರುವಾಗುವ ಮೊದಲೇ ಒಪ್ಪಂದ ಮುಗಿಸಿ, ಡಿಸೆಂಬರ್-ಜನವರಿಯ ರಾಶಿಗೆ ಎರಡು ಮೂರು ಊರು, ಒಂದು ಮಿಲ್, ಒಬ್ಬ ಖರೀದಿದಾರರೊಂದಿಗೆ ಶುರುಮಾಡಿ. ತಾಳೆಯಾಗದ ಲಾಟ್‌ಗಳನ್ನು ತಿಂಗಳಿಗೊಮ್ಮೆ ನಾಲ್ವರೂ ಕೂತು ನೋಡಲಿ. ಎರಡನೇ ಮಿಲ್ ಸೇರಿಸುವ ಮಾತು ಮುಂದಿನ ಹಂಗಾಮಿಗಿರಲಿ.